ಜಪಾನೀ ಭಾಷೆಯ ‘ವ’ ಎಂಬ ನಿಪಾತ: ಅದನ್ನು ಕುರಿತ ವಿಚಾರದ ಚರಿತ್ರೆ

೧

ಶಬ್ದಗಳು ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕು ಬಗೆಯೆಂಬುದು ಯಾಸ್ಕನ ನಿರುಕ್ತದ ಕಾಲದಿಂದಲೂ ಭಾರತೀಯ ಶಾಸ್ತ್ರಗಳಲ್ಲಿ ಪ್ರಸಿದ್ಧವಾದ ವಿಭಾಗ. ಈ ನಾಲ್ಕರಲ್ಲಿ ನಾಮಕ್ಕೂ ಆಖ್ಯಾತಕ್ಕೂ ಸಂದ ಗೌರವವು ನಿಪಾತಗಳಿಗೆ ಸಂದಿಲ್ಲ. ವ್ಯಾಕರಣಗ್ರಂಥಗಳಲ್ಲಿ ಅವುಗಳ ಸ್ಥಾನವು ಸಾಮಾನ್ಯವಾಗಿ ಕಡೆಯದು. ಕೇಶಿರಾಜನ ಶಬ್ದಮಣಿದರ್ಪಣದಲ್ಲಿಯೂ ಅವ್ಯಯಪ್ರಕರಣವು ಕೊನೆಯ ಪ್ರಕರಣವೇ ಆಗಿರುವುದು. ಜಪಾನು ದೇಶದಲ್ಲಿ ಈ ಕ್ರಮವು ತಲೆಕೆಳಗಾಯಿತು. ಅಲ್ಲಿ ವ್ಯಾಕರಣಶಾಸ್ತ್ರವು ಹುಟ್ಟಿದುದೇ ನಿಪಾತಗಳ ವಿಚಾರದಿಂದ. ಆ ಭಾಷೆಯ ನಾಲ್ಕು ಚಿಕ್ಕ ಮಾತುಗಳ ಹೆಸರನ್ನು ಜೋಡಿಸಿ ‘ತೆ-ನಿ-ವೊ-ಹ’ ಎಂದು ಇಂತಹ ಶಬ್ದಗಳ ಸಮೂಹವನ್ನೆಲ್ಲ ಕರೆಯುವುದು ಅಲ್ಲಿನ ಹಳೆಯ ಸಂಪ್ರದಾಯ. ವಾಕ್ಯದ ಹೊಂದಿಕೆ ಕೆಟ್ಟರೆ ‘ತೆನಿವೊಹ’ ಕೂಡಲಿಲ್ಲವೆಂದು ಆಡುವ ವಾಡಿಕೆ ಈಗಲೂ ಉಂಟು.

ಈ ನಾಲ್ಕರಲ್ಲಿ ಕಡೆಯದಾದ ‘ಹ’ ಎಂಬುದೇ ಇಲ್ಲಿ ವಿಚಾರಕ್ಕೆ ವಿಷಯ. ಇದನ್ನು ಬರೆಯುವುದು ‘ಹ’ ಎಂಬ ಅಕ್ಷರದಿಂದ; ಉಚ್ಚರಿಸುವುದು ‘ವ’ ಎಂದು. ಪ್ರಾಚೀನ ಜಪಾನೀ ಭಾಷೆಯಲ್ಲಿ ಓಷ್ಠ್ಯವಾಗಿದ್ದ ವ್ಯಂಜನವು ಸ್ವರಗಳ ನಡುವೆ ಸಡಿಲವಾಗಿ ವಕಾರವಾಗಿ ಪರಿಣಮಿಸಿತು. ಬರಹವು ಮಾತ್ರ ಹಳೆಯ ಸ್ಥಿತಿಯಲ್ಲಿ ಉಳಿಯಿತು. ೧೯೪೬ರಲ್ಲಿ ಜಪಾನು ಸರ್ಕಾರವು ಕಾನ ಲಿಪಿಯ ಬರವಣಿಗೆಯನ್ನು ಉಚ್ಚಾರಣೆಗೆ ಅನುಗುಣವಾಗಿ ತಿದ್ದಿದಾಗಲೂ ಈ ನಿಪಾತಕ್ಕೆ ವಿನಾಯಿತಿಯನ್ನು ಕೊಟ್ಟು ‘ಹ’ ಎಂಬ ಅಕ್ಷರವನ್ನೇ ಉಳಿಸಿತು. ಒಂದೇ ಅಕ್ಷರದ ಈ ಮಾತಿನ ಅರ್ಥವೇನು, ಕಾರ್ಯವೇನು ಎಂಬ ಪ್ರಶ್ನೆಗೆ ಸಾವಿರ ವರ್ಷಗಳಿಗೂ ಮೀರಿ ಕವಿಗಳೂ ಸಂನ್ಯಾಸಿಗಳೂ ಪಾದ್ರಿಗಳೂ ಪಂಡಿತರೂ ಉತ್ತರವನ್ನು ಅರಸಿರುವರು. ಈ ಚರಿತ್ರೆಯನ್ನು ಅನುಸರಿಸಿದರೆ ಒಂದು ತತ್ತ್ವವು ಸ್ಪಷ್ಟವಾಗುತ್ತದೆ: ‘ವ’ ಎಂಬುದನ್ನು ವಿಭಕ್ತಿಯ ಪೀಠದಲ್ಲಿ ಕುಳ್ಳಿರಿಸಿದವರಿಗೆಲ್ಲ ಅದು ತೊಡಕಾಗಿಯೇ ಉಳಿಯಿತು, ಅದು ನಿಂತ ಎಡೆಯಿಂದ ವಾಕ್ಯದ ಕೊನೆಯವರೆಗೆ ದೃಷ್ಟಿಯನ್ನು ಹರಿಯಿಸಿದವರಿಗೆ ಅದರ ಸ್ವರೂಪವು ತಿಳಿಯಿತು.

೨

ಮೊದಲು ಲಕ್ಷ್ಯವನ್ನು ನೋಡಬೇಕು. ‘ಇಶ ವ ತೊಶಿಯೊರಿ ದ’ ಎಂದರೆ ‘ವೈದ್ಯನು ಮುದುಕ’ ಎಂದರ್ಥ. ಇಲ್ಲಿ ‘ವ’ ಎಂಬುದು ಪ್ರಥಮಾ ವಿಭಕ್ತಿಯ ಪ್ರತ್ಯಯದಂತೆ ತೋರುವುದು. ‘ಕೊನೊ ಹೊನ್ ವ ಯೊಂದ’ ಎಂದರೆ ‘ಈ ಪುಸ್ತಕವನ್ನು ಓದಿಯಾಯಿತು’ ಎಂದರ್ಥ. ಇಲ್ಲಿ ಪುಸ್ತಕವು ಕರ್ಮ. ‘ವ’ ದ್ವಿತೀಯೆಯಂತೆ ತೋರುವುದು. ‘ಕ್ಯೋ ವ ಇಕನೈ’ ಎಂದರೆ ‘ಇಂದು ಹೋಗುವುದಿಲ್ಲ’ ಎಂದರ್ಥ; ಇಲ್ಲಿ ಅದು ಕಾಲವಾಚಕವನ್ನು ಹಿಂಬಾಲಿಸಿದೆ. ‘ಮುರ ನಿ ವ ಇಶ ಗ ಇನೈ’ ಎಂದರೆ ‘ಹಳ್ಳಿಯಲ್ಲಿಯಾದರೋ ವೈದ್ಯನಿಲ್ಲ’ ಎಂದರ್ಥ. ಈ ಕಡೆಯ ವಾಕ್ಯದಲ್ಲಿ ‘ನಿ’ ಎಂಬುದು ಅಧಿಕರಣವನ್ನು ಹೇಳುವ ಪ್ರತ್ಯಯ. ಅದರ ಮೇಲೆ ‘ವ’ ಬಂದು ಕುಳಿತಿದೆ. ಒಂದು ವಿಭಕ್ತಿಪ್ರತ್ಯಯದ ಮೇಲೆ ಮತ್ತೊಂದು ವಿಭಕ್ತಿಪ್ರತ್ಯಯವು ಹೀಗೆ ಬಂದು ಕೂರುವುದು ಅಸಂಗತ. ಆದುದರಿಂದ ‘ವ’ ವಿಭಕ್ತಿಯಲ್ಲ. ಕರ್ತೃವನ್ನು ಸೂಚಿಸುವ ‘ಗ’, ಕರ್ಮವನ್ನು ಸೂಚಿಸುವ ‘ವೊ’ ಎಂಬೆರಡು ಪ್ರತ್ಯಯಗಳು ‘ವ’ ಬಂದೆಡೆಯಲ್ಲಿ ಲೋಪವನ್ನು ಹೊಂದುತ್ತವೆ. ಉಳಿದವು ಸಾಮಾನ್ಯವಾಗಿ ಹಾಗೆಯೇ ನಿಲ್ಲುತ್ತವೆ. ಈ ಲೋಪವೇ ಭ್ರಾಂತಿಗೆ ಮೂಲ. ಲುಪ್ತವಾದ ಪ್ರತ್ಯಯದ ಅರ್ಥವನ್ನು ಉಳಿದ ‘ವ’ದ ಮೇಲೆ ಹೊರಿಸಿ, ಅದೇ ಪ್ರಥಮೆಯೆಂದೂ ದ್ವಿತೀಯೆಯೆಂದೂ ತಿಳಿಯುವುದಾಯಿತು.

ಕನ್ನಡದಲ್ಲಿಯೂ ವಿಭಕ್ತಿಯ ಮೇಲೆ ಬರುವ ಇಂತಹ ಮಾತುಗಳು ಇವೆ. ‘ಊರಿಗೂ’, ‘ಊರಿಗೇ’, ‘ಊರಿಗಂತೂ’ ಎಂಬಲ್ಲಿ ಚತುರ್ಥಿಯ ಮೇಲೆ ಅವಧಾರಣ ಸಮುಚ್ಚಯಾದಿಗಳು ಕೂಡಿರುವುದನ್ನು ಕಾಣಬಹುದು. ‘ವ’ದ ಒಡಹುಟ್ಟಿನಂತಿರುವ ‘ಮೊ’ ಎಂಬ ಜಪಾನೀ ನಿಪಾತವು ಕನ್ನಡದ ‘ಊ’ ಎಂಬುದಕ್ಕೆ ಬಹುಮಟ್ಟಿಗೆ ಸಮಾನ. ‘ದರೆ’ ಎಂದರೆ ‘ಯಾರು’. ‘ದರೆ ಮೊ ಇನೈ’ ಎಂದರೆ ‘ಯಾರೂ ಇಲ್ಲ’. ಇದು ಕೇವಲ ಸಾದೃಶ್ಯ. ಇದರಿಂದ ಭಾಷೆಗಳಿಗೆ ಜನ್ಯಜನಕಸಂಬಂಧವನ್ನು ಊಹಿಸಲಾಗದು. ಆದರೂ ಕನ್ನಡಿಗನಿಗೆ ‘ಮೊ’ ಸುಲಭವಾಗಿ ತಿಳಿಯುವುದು. ‘ವ’ ಎಂಬುದಕ್ಕೆ ಸರಿಯಾಗಿ ಎಲ್ಲೆಡೆಯೂ ಸಲ್ಲುವ ಕನ್ನಡದ ಮಾತೊಂದಿಲ್ಲ; ‘ಆದರೋ’, ‘ಅಂತೂ’, ‘ಎಂದರೆ’ ಎಂಬಿವು ಬೇರೆಬೇರೆ ಪ್ರಯೋಗಗಳಲ್ಲಿ ಅದರ ನೆರಳನ್ನು ತೋರುತ್ತವೆ.

ಆಧುನಿಕ ಭಾಷೆಯಲ್ಲಿ ‘ವ’ದ ಮುಖ್ಯ ಪ್ರಯೋಗಗಳು ಎರಡು. ಮೊದಲನೆಯದು ಪ್ರಸ್ತಾಪ. ‘ಮುರ ನಿ ಇಶ ಗ ಇತ. ಇಶ ವ ತೊಶಿಯೊರಿ ದತ್ತ’ ಎಂಬೆರಡು ವಾಕ್ಯಗಳ ಅರ್ಥ, ‘ಹಳ್ಳಿಯಲ್ಲಿ ಒಬ್ಬ ವೈದ್ಯನಿದ್ದನು. ಆ ವೈದ್ಯನು ಮುದುಕನಾಗಿದ್ದನು’ ಎಂದು. ಕೇಳುವವನಿಗೆ ಹೊಸಬನಾಗಿ ವೈದ್ಯನು ಬರುವಾಗ ‘ಗ’. ಬಂದು ಪರಿಚಿತನಾದ ಬಳಿಕ ‘ವ’. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ, ಪ್ರಾಪ್ತವಾದುದು ಉದ್ದೇಶ್ಯ, ಅಪ್ರಾಪ್ತವಾದುದು ವಿಧೇಯ. ‘ವ’ ಎಂಬುದು ಉದ್ದೇಶ್ಯವನ್ನು ಎತ್ತಿ ನಿಲ್ಲಿಸಿ, ವಿಧೇಯವು ಮುಂದೆ ಬರುವುದೆಂದು ಸೂಚಿಸುವುದು. ‘ಯಾರು ಬಂದರು’ ಎಂಬ ಪ್ರಶ್ನೆಯಲ್ಲಿ ‘ದರೆ ಗ’ ಎನ್ನಬೇಕೇ ಹೊರತು ‘ದರೆ ವ’ ಎನ್ನುವಂತಿಲ್ಲ; ಯಾರೆಂದು ತಿಳಿಯದವನು ಉದ್ದೇಶ್ಯನಾಗುವ ಬಗೆ ಹೇಗೆ? ಎರಡನೆಯದು ವ್ಯಾವೃತ್ತಿ. ‘ಒಚ ವ ನೊಮು, ಸಕೆ ವ ನೊಮನೈ’ ಎಂದರೆ ‘ಚಹವನ್ನಾದರೆ ಕುಡಿಯುವನು, ಮದ್ಯವನ್ನಾದರೆ ಕುಡಿಯನು’ ಎಂದರ್ಥ. ಒಂದನ್ನು ಮತ್ತೊಂದರಿಂದ ಬೇರ್ಪಡಿಸಿ ತೋರುವುದು ಇಲ್ಲಿನ ಕೆಲಸ. ನಿಷೇಧವಾಕ್ಯಗಳಲ್ಲಿ ‘ವ’ ಹೆಚ್ಚಾಗಿ ಬರುವುದಕ್ಕೂ ಈ ಬೇರ್ಪಡಿಸುವ ಶಕ್ತಿಯೇ ಕಾರಣವೆಂದು ಹೇಳಬಹುದು.

೩

ಜಪಾನೀಯರು ಈ ಚಿಕ್ಕ ಮಾತುಗಳನ್ನು ಬೇಗನೆ ಗಮನಿಸುವಂತಾದುದಕ್ಕೆ ಅವರ ಲಿಪಿಯ ಚರಿತ್ರೆಯೇ ಕಾರಣ. ಅವರು ಚೀನರಿಂದ ಅಕ್ಷರಗಳನ್ನು ಪಡೆದರು. ಚೀನೀ ಭಾಷೆಯಲ್ಲಿ ಪದಗಳ ಸಂಬಂಧವು ಬಹುಪಾಲು ಅವುಗಳ ಕ್ರಮದಿಂದಲೇ ತಿಳಿಯುವುದು. ಜಪಾನೀ ಭಾಷೆಗೆ ಪದಾಂತ್ಯದ ಪ್ರತ್ಯಯಗಳು ಅವಶ್ಯ. ಆದುದರಿಂದ ಚೀನದ ಅಕ್ಷರಗಳಲ್ಲಿ ಜಪಾನೀ ಮಾತನ್ನು ಬರೆಯಹೊರಟವರಿಗೆ ನಾಮಧಾತುಗಳು ಒದಗಿದರೂ ನಿಪಾತಗಳಿಗೆ ಎಡೆಯಿಲ್ಲವಾಯಿತು. ೭೯೭ರಲ್ಲಿ ಮುಗಿದ ‘ಶೊಕು ನಿಹೊಂಗಿ’ ಎಂಬ ರಾಜಚರಿತ್ರೆಯಲ್ಲಿ ಸೇರಿರುವ ರಾಜಶಾಸನಗಳಲ್ಲಿ ಅರ್ಥವುಳ್ಳ ಪದಗಳನ್ನು ದೊಡ್ಡ ಅಕ್ಷರಗಳಿಂದಲೂ ಪ್ರತ್ಯಯನಿಪಾತಗಳನ್ನು ಧ್ವನಿಮಾತ್ರಕ್ಕಾಗಿ ಬಳಸಿದ ಚಿಕ್ಕ ಅಕ್ಷರಗಳಿಂದಲೂ ಬರೆದಿರುವ ಪದ್ಧತಿಯನ್ನು ಕಾಣಬಹುದು. ಶಬ್ದಗಳು ಎರಡು ಜಾತಿಯವೆಂಬ ವಿವೇಕವು ಶಾಸ್ತ್ರವಾಗುವುದಕ್ಕೆ ಮೊದಲೇ ಲಿಪಿಕಾರನ ಲೇಖನಿಯಲ್ಲಿ ಮೂಡಿತ್ತು.

ಕವಿಗಳಲ್ಲಿಯೂ ಈ ಅರಿವು ಇದ್ದಿತು. ಎಂಟನೆಯ ಶತಮಾನದ ‘ಮನ್ಯೋಶೂ’ ಎಂಬ ಮಹಾಸಂಕಲನದ ಹತ್ತೊಂಬತ್ತನೆಯ ಸಂಪುಟದಲ್ಲಿ ಓತೊಮೊ ನೊ ಯಕಮೊಚಿ ಎಂಬ ಕವಿಯ ಎರಡು ಪದ್ಯಗಳಿವೆ. ಒಂದರಲ್ಲಿ ‘ಮೊ, ನೊ, ಹ’ ಎಂಬ ಮೂರು ನಿಪಾತಗಳನ್ನೂ, ಮತ್ತೊಂದರಲ್ಲಿ ಇವುಗಳೊಡನೆ ‘ತೆ, ನಿ, ವೊ’ ಎಂಬ ಮೂರನ್ನೂ ಬಿಟ್ಟು ರಚಿಸಿರುವುದಾಗಿ ಟಿಪ್ಪಣಿಯೂ ಉಂಟು. ಸಂಸ್ಕೃತಕವಿಗಳು ನಿರೋಷ್ಠ್ಯವೇ ಮೊದಲಾದ ಚಿತ್ರಕಾವ್ಯಗಳಲ್ಲಿ ಒಂದು ಸ್ಥಾನದ ವರ್ಣಗಳನ್ನು ತ್ಯಜಿಸಿದಂತೆ ಈತನು ಒಂದು ಜಾತಿಯ ಶಬ್ದಗಳನ್ನು ತ್ಯಜಿಸಿದನು. ತ್ಯಜಿಸಬೇಕಾದರೆ ಮೊದಲು ಗುರುತಿಸಬೇಕು. ಆರು ಮಾತುಗಳನ್ನು ಒಂದು ಗುಂಪಾಗಿ ಎಣಿಸಿದ ಈ ಟಿಪ್ಪಣಿಯಲ್ಲಿ ಜಪಾನೀ ನಿಪಾತಶಾಸ್ತ್ರದ ಬೀಜವನ್ನು ಕಾಣಬಹುದಾಗಿದೆ.

‘ತೆನಿವೊಹ’ ಎಂಬ ಹೆಸರಿನ ಉತ್ಪತ್ತಿಯೂ ಸ್ವಾರಸ್ಯವಾದುದು. ಚೀನೀ ಭಾಷೆಯ ಬೌದ್ಧಗ್ರಂಥಗಳನ್ನೂ ಶಾಸ್ತ್ರಗ್ರಂಥಗಳನ್ನೂ ಜಪಾನೀ ಕ್ರಮದಲ್ಲಿ ಓದುವುದಕ್ಕಾಗಿ ಸಂನ್ಯಾಸಿಗಳೂ ಪಂಡಿತರೂ ಅಕ್ಷರಗಳ ಸುತ್ತ ಚುಕ್ಕೆಗಳನ್ನು ಇಡುತ್ತಿದ್ದರು. ಚುಕ್ಕೆಯು ಯಾವ ಮೂಲೆಯಲ್ಲಿದೆಯೋ ಅದಕ್ಕೆ ತಕ್ಕಂತೆ ಒಂದೊಂದು ಪ್ರತ್ಯಯವನ್ನು ಸೇರಿಸಿ ಓದಬೇಕು. ಆಸ್ಥಾನಪಂಡಿತರ ಮನೆತನಗಳಲ್ಲಿ ನಡೆದುಬಂದ ಪದ್ಧತಿಯಂತೆ ಎಡಗೆಳಗಿನ ಮೂಲೆ ‘ತೆ’, ಎಡಮೇಲಿನದು ‘ನಿ’, ಬಲಮೇಲಿನದು ‘ವೊ’, ಬಲಗೆಳಗಿನದು ‘ಹ’. ಈ ನಾಲ್ಕನ್ನು ಪ್ರದಕ್ಷಿಣಕ್ರಮದಲ್ಲಿ ಓದಿದಾಗ ದೊರೆಯುವುದೇ ‘ತೆನಿವೊಹ’.

ಮುಂದೆ ಕಾವ್ಯಶಿಕ್ಷೆಯ ಗುರುಪರಂಪರೆಗಳಲ್ಲಿ ಇವುಗಳ ವಿಚಾರವು ಬೆಳೆಯಿತು. ಫುಜಿವರ ನೊ ತೇಕ (೧೧೬೨-೧೨೪೧) ಎಂಬ ಮಹಾಕವಿಯ ಹೆಸರಿಗೆ ಅಂಟಿಸಿರುವ, ಆದರೆ ಅವನಿಗಿಂತ ಈಚಿನದೆಂದು ವಿದ್ವಾಂಸರು ನಿರ್ಣಯಿಸಿರುವ ‘ತೆನಿಹ ತೈಗೈಶೊ’ ಎಂಬ ಕಿರುಹೊತ್ತಗೆಯಲ್ಲಿ ಪದಗಳನ್ನು ದೇವಾಲಯಕ್ಕೂ ನಿಪಾತಗಳನ್ನು ಅದರೊಳಗಣ ಅಲಂಕಾರಸಾಮಗ್ರಿಗೂ ಹೋಲಿಸಿದೆ. ದೇವಾಲಯವು ದೊಡ್ಡದೋ ಚಿಕ್ಕದೋ ಅದರ ಘನತೆಯು ತಿಳಿಯುವುದು ಆ ಸಾಮಗ್ರಿಯಿಂದ ಎಂಬುದು ಅದರ ಭಾವ. ಉಪಮಾನವು ಸುಂದರವೇ, ಆದರೆ ಅಲಂಕಾರವನ್ನು ತೆಗೆದರೂ ಗುಡಿ ನಿಲ್ಲುವುದು, ನಿಪಾತವನ್ನು ತೆಗೆದರೆ ವಾಕ್ಯವು ನಿಲ್ಲುವುದೇ ಎಂಬ ಪ್ರಶ್ನೆಗೆ ಅದರಲ್ಲಿ ಸಮಾಧಾನವಿಲ್ಲ.

೪

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸ್ ಜೆಸ್ಯೂಟ್ ಪಾದ್ರಿಗಳು ಜಪಾನಿಗೆ ಬಂದರು. ಅವರಲ್ಲಿ ಒಬ್ಬನಾದ ಜೊಆಂವ್ ರೊದ್ರಿಗೆಸ್ ಎಂಬವನು ಆ ದೇಶದ ಭಾಷೆಯನ್ನು ಆಳವಾಗಿ ಕಲಿತು, ೧೬೦೪ರಿಂದ ೧೬೦೮ರವರೆಗೆ ನಾಗಸಾಕಿಯಲ್ಲಿ ಒಂದು ದೊಡ್ಡ ಜಪಾನೀ ವ್ಯಾಕರಣವನ್ನು ಅಚ್ಚುಹಾಕಿಸಿದನು. ಭಟ್ಟಾಕಳಂಕನು ಕನ್ನಡದ ಶಬ್ದಾನುಶಾಸನವನ್ನು ಸಂಸ್ಕೃತಸೂತ್ರಗಳಲ್ಲಿ ರಚಿಸಿ ಮುಗಿಸಿದುದೂ ೧೬೦೪ರಲ್ಲಿಯೇ ಎಂಬುದು ಸ್ಮರಣೀಯ. ಒಂದು ಭಾಷೆಯ ಲಕ್ಷಣವನ್ನು ಮತ್ತೊಂದು ಭಾಷೆಯ ಶಾಸ್ತ್ರದ ಅಚ್ಚಿನಲ್ಲಿ ಎರೆಯುವ ಪ್ರಯತ್ನವು ಏಕಕಾಲದಲ್ಲಿ ಎರಡು ದೂರದೇಶಗಳಲ್ಲಿ ನಡೆಯಿತು. ರೊದ್ರಿಗೆಸನಿಗೆ ಅಚ್ಚು ಲ್ಯಾಟಿನ್ ವ್ಯಾಕರಣ. ಜೆಸ್ಯೂಟರ ಶಾಲೆಗಳಲ್ಲಿ ಪ್ರಸಿದ್ಧವಾಗಿದ್ದ ಮನುಯೆಲ್ ಆಲ್ವಾರೆಸನ ಗ್ರಂಥ.

ಲ್ಯಾಟಿನ್ ಭಾಷೆಯಲ್ಲಿ ಆರು ವಿಭಕ್ತಿಗಳು. ಆದುದರಿಂದ ಜಪಾನೀ ಭಾಷೆಯಲ್ಲಿಯೂ ಆರು ಮನೆಗಳನ್ನು ಮಾಡಿ ನಿಪಾತಗಳನ್ನು ಅವುಗಳಲ್ಲಿ ತುಂಬುವುದಾಯಿತು. ಪ್ರಥಮೆಯ ಮನೆಯಲ್ಲಿ ‘ವ, ಗ, ನೊ, ಯೊರಿ’ ಎಂಬ ನಾಲ್ಕು ಸೇರಿದವು. ದ್ವಿತೀಯೆಯ ಮನೆಯಲ್ಲಿ ‘ವೊ’ ಎಂಬುದರ ಜೊತೆಗೆ ‘ವ’ ಮತ್ತೆ ಬಂದಿತು. ರೊದ್ರಿಗೆಸನು ಸೂಕ್ಷ್ಮದೃಷ್ಟಿಯವನು. ‘ಗ’ ಎಂಬುದು ತನ್ನನ್ನಾಗಲಿ ಕೀಳಾದವರನ್ನಾಗಲಿ ಹೇಳುವಾಗ ಬರುವುದೆಂದೂ ‘ನೊ’ ಎಂಬುದರಲ್ಲಿ ಮರ್ಯಾದೆ ಇರುವುದೆಂದೂ ಅವನು ಕಂಡುಕೊಂಡಿದ್ದನು. ಅವನು ಸಂಗ್ರಹಿಸಿದ ಪ್ರಯೋಗಗಳಿಗೆ ಇಂದಿಗೂ ಬೆಲೆಯಿದೆ. ದೋಷವಿರುವುದು ನೋಟದಲ್ಲಲ್ಲ, ಮನೆಗಳ ಲೆಕ್ಕದಲ್ಲಿ. ಒಂದೇ ನಿಪಾತವು ಎರಡು ವಿಭಕ್ತಿಗಳ ಮನೆಯಲ್ಲಿ ಕಾಣಿಸಿಕೊಂಡಾಗ, ಅದು ಯಾವ ವಿಭಕ್ತಿಯೂ ಅಲ್ಲವೆಂಬ ನಿರ್ಣಯಕ್ಕೆ ಬರಲು ಸಾಧ್ಯವಿದ್ದಿತು. ಲ್ಯಾಟಿನ್ ಪಟ್ಟಿಯು ಅದಕ್ಕೆ ಅವಕಾಶವನ್ನು ಕೊಡಲಿಲ್ಲ. ೧೬೧೪ರಲ್ಲಿ ಕ್ರೈಸ್ತಮತವು ಜಪಾನಿನಲ್ಲಿ ನಿಷಿದ್ಧವಾಯಿತು. ರೊದ್ರಿಗೆಸನ ಗ್ರಂಥವು ದೇಶೀಯ ಪಂಡಿತರ ಪರಂಪರೆಗೆ ಸೇರದೆ ಹೋಯಿತು.

೫

ದೇಶೀಯ ಶಾಸ್ತ್ರದ ಬೆಳವಣಿಗೆಗೆ ನೆರವಾದ ವಿದ್ಯೆಗಳಲ್ಲಿ ಭಾರತದ ವರ್ಣಶಿಕ್ಷೆಯೂ ಒಂದು. ೮೦೪ರಲ್ಲಿ ಚೀನಕ್ಕೆ ತೆರಳಿದ ಕೂಕೈ ಎಂಬ ಸಂನ್ಯಾಸಿಯು (೭೭೪-೮೩೫) ಅಲ್ಲಿ ಸಂಸ್ಕೃತಮಂತ್ರಗಳ ಸಿದ್ಧಮ್ ಲಿಪಿಯನ್ನು ಕಲಿತು ೮೦೬ರಲ್ಲಿ ಹಿಂದಿರುಗಿದನು. ಆ ಬಳಿಕ ಸಿದ್ಧಮ್ ವಿದ್ಯೆಯು ಬೌದ್ಧಮಠಗಳಲ್ಲಿ ನೆಲೆಗೊಂಡಿತು; ೮೮೦ರಲ್ಲಿ ಅನ್ನೆನ್ ಎಂಬವನು ಅದರ ಮೇಲೆ ‘ಶಿತ್ತಂಜೋ’ ಎಂಬ ದೊಡ್ಡ ಗ್ರಂಥವನ್ನು ರಚಿಸಿದನು. ಜಪಾನೀ ವರ್ಣಮಾಲೆಯ ‘ಐವತ್ತು ಧ್ವನಿಗಳ’ ಕೋಷ್ಟಕದಲ್ಲಿ ಅ, ಇ, ಉ, ಎ, ಒ ಎಂಬ ಸ್ವರಕ್ರಮವೂ ಕ, ಸ, ತ, ನ, ಹ, ಮ, ಯ, ರ, ವ ಎಂಬ ವ್ಯಂಜನಕ್ರಮವೂ ಸಂಸ್ಕೃತದ ವರ್ಗಕ್ರಮವನ್ನೇ ಅನುಸರಿಸಿವೆ. ಚವರ್ಗದ ಸ್ಥಾನದಲ್ಲಿ ‘ಸ’ ಇದೆ. ಪವರ್ಗದ ಸ್ಥಾನದಲ್ಲಿ ‘ಹ’ ಇದೆ. ಈ ‘ಹ’ ಒಮ್ಮೆ ಓಷ್ಠ್ಯವಾಗಿದ್ದಿತೆಂಬುದಕ್ಕೆ ಕೋಷ್ಟಕದಲ್ಲಿ ಅದು ನಿಂತಿರುವ ಸ್ಥಾನವೂ ಒಂದು ಸಾಕ್ಷಿ. ಕೆಯಿಚೂ (೧೬೪೦-೧೭೦೧) ಎಂಬ ಸಂನ್ಯಾಸಿಯು ಸಿದ್ಧಮ್ ವಿದ್ಯೆಯ ಬಲದಿಂದಲೂ ಪ್ರಾಚೀನ ಪ್ರಯೋಗಗಳ ಆಧಾರದಿಂದಲೂ ಹಳೆಯ ಬರವಣಿಗೆಯ ನಿಯಮಗಳನ್ನು ಶೋಧಿಸಿ ‘ವಜಿ ಶೋರಂಶೊ’ ಎಂಬ ಗ್ರಂಥವನ್ನು ೧೬೯೫ರಲ್ಲಿ ಪ್ರಕಟಿಸಿದನು.

ಕೆಯಿಚೂವಿನ ಗ್ರಂಥಗಳನ್ನು ಓದಿ ಉತ್ತೇಜಿತನಾದವನು ಮೊತೋರಿ ನೊರಿನಗ (೧೭೩೦-೧೮೦೧). ಇಸೆ ಪ್ರಾಂತದ ಮತ್ಸುಸಕ ಎಂಬ ಊರಿನವನು, ವೃತ್ತಿಯಿಂದ ವೈದ್ಯ. ಪರದೇಶದ ಭಾವನೆಗಳನ್ನೆಲ್ಲ ಕಳೆದು ಪ್ರಾಚೀನ ಜಪಾನಿನ ಹೃದಯವನ್ನು ಅರಿಯಬೇಕೆಂಬುದು ಅವನ ಸಂಕಲ್ಪ. ಆದರೆ ೧೭೭೬ರಲ್ಲಿ ಅವನು ‘ಒ’, ‘ವೊ’ ಎಂಬೆರಡು ಅಕ್ಷರಗಳು ಅದಲುಬದಲಾಗಿ ನಿಂತಿದ್ದುದನ್ನು ಸರಿಪಡಿಸಿದ ಆ ಧ್ವನಿಕೋಷ್ಟಕವೇ ಸಂಸ್ಕೃತಮೂಲದ್ದು. ವಿದ್ಯೆಗೆ ಗಡಿಯನ್ನು ಹಾಕುವುದು ಎಷ್ಟು ಕಷ್ಟವೆಂಬುದಕ್ಕೆ ಇದು ನಿದರ್ಶನ.

ನೊರಿನಗನು ೧೭೭೧ರಲ್ಲಿ ‘ಹಿಮೊಕಗಮಿ’ ಎಂಬ ಒಂದೇ ಹಾಳೆಯ ಕೋಷ್ಟಕವನ್ನು ಪ್ರಕಟಿಸಿದನು. ಅದರ ವಿವರಣೆಯಾಗಿ ‘ಕೊತೊಬ ನೊ ತಮ ನೊ ಒ’ ಎಂಬ ಏಳು ಸಂಪುಟಗಳ ಗ್ರಂಥವನ್ನು ೧೭೭೯ರಲ್ಲಿ ಮುಗಿಸಿದನು. ಅದು ೧೭೮೫ರಲ್ಲಿ ಅಚ್ಚಾಯಿತು. ‘ಮಾತೆಂಬ ಮಣಿಗಳ ದಾರ’ ಎಂದು ಹೆಸರಿನ ಅರ್ಥ. ಮಣಿಗಳು ಎಷ್ಟೇ ಬೆಲೆಯುಳ್ಳವಾದರೂ ದಾರವಿಲ್ಲದೆ ಹಾರವಾಗದು. ನಿಪಾತಗಳೇ ಆ ದಾರ. ಹಿಂದಿನವರ ದೇವಾಲಯದ ಉಪಮಾನಕ್ಕೂ ಇದಕ್ಕೂ ಇರುವ ಅಂತರವು ಸಾಮಾನ್ಯವಲ್ಲ. ಅಲ್ಲಿ ನಿಪಾತವು ಶೋಭಾಕರ. ಇಲ್ಲಿ ಅದು ಧಾರಕ.

ನೊರಿನಗನು ಕಂಡ ನಿಯಮವು ಹೀಗಿದೆ. ಪ್ರಾಚೀನ ಭಾಷೆಯಲ್ಲಿ ವಾಕ್ಯದ ನಡುವೆ ಬರುವ ಕೆಲವು ನಿಪಾತಗಳಿಗೂ ವಾಕ್ಯಾಂತ್ಯದ ಕ್ರಿಯಾರೂಪಕ್ಕೂ ನಿಯತವಾದ ಸಂಬಂಧವಿದೆ. ‘ಹೂವು ಉದುರುವುದು’ ಎಂಬರ್ಥದಲ್ಲಿ ‘ಹನ ವ ಒತ್ಸು’ ಎನ್ನಬೇಕು; ‘ಜೊ’ ಎಂಬ ನಿಪಾತವನ್ನು ಹಾಕಿದರೆ ‘ಹನ ಜೊ ಒತ್ಸುರು’ ಎನ್ನಬೇಕು; ‘ಕೊಸೊ’ ಎಂಬುದನ್ನು ಹಾಕಿದರೆ ‘ಹನ ಕೊಸೊ ಒತ್ಸುರೆ’ ಎನ್ನಬೇಕು. ನಿಪಾತವು ಮೇಲೆ ಗಂಟುಹಾಕಿದರೆ ಕ್ರಿಯೆಯು ಕೆಳಗೆ ಅದನ್ನು ಕಟ್ಟಿ ಮುಗಿಸುವುದು. ಈ ವ್ಯವಸ್ಥೆಯನ್ನು ನೊರಿನಗನು ಮೂರು ಸಾಲುಗಳಲ್ಲಿ ಇಟ್ಟನು: ಮೊದಲ ಸಾಲಿನಲ್ಲಿ ‘ವ’, ‘ಮೊ’ ಹಾಗೂ ನಿಪಾತವೇ ಇಲ್ಲದ ಸ್ಥಿತಿ; ಎರಡನೆಯದರಲ್ಲಿ ‘ಜೊ’, ‘ನೊ’, ‘ಯ’ ಮತ್ತು ಪ್ರಶ್ನಾರ್ಥಕಗಳು; ಮೂರನೆಯದರಲ್ಲಿ ‘ಕೊಸೊ’. ಕಲ್ಪನೆಯಿಂದ ಅವನು ಇದನ್ನು ಹೇಳಲಿಲ್ಲ. ಪ್ರಾಚೀನ ರಾಜಸಂಕಲನಗಳ ಪದ್ಯಗಳನ್ನು ರಾಶಿರಾಶಿಯಾಗಿ ಉದಾಹರಿಸಿದನು.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ‘ವ’ ಇದ್ದರೂ ಇಲ್ಲದಿದ್ದರೂ ಕ್ರಿಯೆಯ ಅಂತ್ಯರೂಪವು ಒಂದೇ ಆಗಿರುವಾಗ, ಅದನ್ನು ‘ಜೊ’, ‘ಕೊಸೊ’ಗಳ ಪಂಕ್ತಿಗೆ ಸೇರಿಸಿದುದೇಕೆ? ಆಕ್ಷೇಪವು ರೂಪಮಾತ್ರವನ್ನು ನೋಡಿದರೆ ಯುಕ್ತವೇ. ಆದರೆ ನೊರಿನಗನ ಕೋಷ್ಟಕದಲ್ಲಿ ‘ವ’ ಪಡೆದ ಸ್ಥಾನದಿಂದ ಒಂದು ಮಹತ್ತಾದ ಅಂಶವು ಹೊರಬಿದ್ದಿತು: ಅದು ವಾಕ್ಯದ ಕೊನೆಯೊಡನೆ ವ್ಯವಹರಿಸುವ ಶಬ್ದ. ಕಾರಣವನ್ನು ಅವನು ವಿವರಿಸಲಿಲ್ಲ, ಸ್ಥಾನವನ್ನು ತೋರಿಸಿದನು. ಆ ಸ್ಥಾನದ ಅರ್ಥವು ಬಯಲಾಗಲು ಇನ್ನೂ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು.

೬

ಇದೇ ಕಾಲದಲ್ಲಿ ಕ್ಯೋತೊ ನಗರದಲ್ಲಿ ಫುಜಿತನಿ ನರಿಅಕಿರ (೧೭೩೮-೧೭೭೯) ಎಂಬವನು ಬೇರೆ ದಾರಿಯಿಂದ ಶಬ್ದವಿಭಾಗವನ್ನು ಮಾಡುತ್ತಿದ್ದನು. ವಾಕ್ಯವನ್ನು ಅವನು ಮನುಷ್ಯಶರೀರದಂತೆ ಭಾವಿಸಿದನು. ವಸ್ತುವನ್ನು ಹೇಳುವವು ‘ಹೆಸರು’. ಕ್ರಿಯೆಯನ್ನೂ ಗುಣವನ್ನೂ ಹೇಳುವವು ‘ಉಡುಪು’. ಮುಂದೆ ಬಂದು ನೆರವಾಗುವವು ‘ಮುಡಿಯ ಆಭರಣ’. ಹಿಂದೆ ಬಂದು ನಡೆಯನ್ನು ಬಿಗಿಗೊಳಿಸುವವು ‘ಕಾಲಿನ ಕಟ್ಟು’. ಈ ಕಾಲಕಟ್ಟುಗಳೇ ನಿಪಾತಗಳೂ ಸಹಾಯಕ್ರಿಯೆಗಳೂ. ಅವುಗಳನ್ನು ಕುರಿತ ‘ಅಯುಇಶೊ’ ಎಂಬ ಅವನ ಗ್ರಂಥವು ೧೭೭೮ರಲ್ಲಿ ಅಚ್ಚಾಯಿತು. ಹಳೆಯ ನಿಪಾತಗಳಿಗೆ ತನ್ನ ಕಾಲದ ಆಡುಮಾತಿನ ಸಮಾನಶಬ್ದಗಳನ್ನು ಕೊಟ್ಟು ಅರ್ಥವನ್ನು ನಿರೂಪಿಸುವುದು ಅವನ ಕ್ರಮ. ನೊರಿನಗನು ನಿಪಾತಗಳ ಅನ್ವಯವನ್ನು ಕಂಡನು. ನರಿಅಕಿರನು ಅರ್ಥವನ್ನು ಅರಸಿದನು.

ನೊರಿನಗನ ಶಿಷ್ಯನಾದ ಸುಜುಕಿ ಅಕಿರ (೧೭೬೪-೧೮೩೭) ಎಂಬವನು ೧೮೨೪ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಶಬ್ದಗಳು ನಾಲ್ಕು ಬಗೆಯೆಂದು ಹೇಳಿದನು: ವಸ್ತುವಾಚಕ, ಗುಣವಾಚಕ, ಕ್ರಿಯಾವಾಚಕ, ತೆನಿವೊಹ. ಮೊದಲ ಮೂರು ಒಂದೊಂದು ಪದಾರ್ಥವನ್ನು ಬೆರಳಿಟ್ಟು ತೋರುವವು;ತೆನಿವೊಹವು ಯಾವುದನ್ನೂ ತೋರುವುದಿಲ್ಲ, ಅದು ಮೊದಲ ಮೂರಕ್ಕೆ ತಗುಲಿದ ಮನಸ್ಸಿನ ಧ್ವನಿ ಎಂದು ಅವನ ಸಿದ್ಧಾಂತ. ಆ ಮೂರು ಪಾತ್ರೆಗಳಾದರೆ ಇದು ಅವುಗಳನ್ನು ಆಡಿಸುವ ಕೈ ಎಂಬ ಉಪಮಾನವನ್ನೂ ಅವನು ಕೊಟ್ಟಿರುವನು.

ಸಂಸ್ಕೃತವ್ಯಾಕರಣವನ್ನು ಬಲ್ಲವರಿಗೆ ಈ ವಿಚಾರವು ಅಪರಿಚಿತವಲ್ಲ. ಚಕಾರಾದಿಗಳು ದ್ರವ್ಯವನ್ನು ಹೇಳದಿದ್ದಾಗಲೇ ನಿಪಾತಗಳೆಂದು ಪಾಣಿನಿಯ ಅಭಿಪ್ರಾಯ. ಉಪಸರ್ಗಗಳು ತಾವೇ ಅರ್ಥವನ್ನು ಹೇಳಲಾರವೆಂದು ಶಾಕಟಾಯನನೂ, ಅವುಗಳಿಗೆ ಅರ್ಥವುಂಟೆಂದು ಗಾರ್ಗ್ಯನೂ ವಾದಿಸಿದುದನ್ನು ಯಾಸ್ಕನು ದಾಖಲಿಸಿರುವನು. ಈ ವಾದವೇ ಬೆಳೆದು ನಿಪಾತಗಳು ವಾಚಕಗಳೋ ದ್ಯೋತಕಗಳೋ ಎಂಬ ವಿಚಾರವಾಯಿತು. ವೈಯಾಕರಣರು ದ್ಯೋತಕತ್ವವನ್ನೂ ನೈಯಾಯಿಕರು ವಾಚಕತ್ವವನ್ನೂ ಸಮರ್ಥಿಸಿದರು. ಸುಜುಕಿ ಅಕಿರನು ವೈಯಾಕರಣರ ಪಕ್ಷಕ್ಕೆ ಹತ್ತಿರ ನಿಲ್ಲುವನು. ಅವನು ಯಾಸ್ಕನನ್ನು ಓದಿದನೆಂದು ಹೇಳುವುದಕ್ಕೆ ಆಧಾರವಿಲ್ಲ. ವಸ್ತುಸ್ಥಿತಿಯೇ ಇಬ್ಬರನ್ನೂ ಒಂದೇ ತೀರ್ಮಾನದ ಸಮೀಪಕ್ಕೆ ತಂದಿತೆಂದು ತಿಳಿಯುವುದು ಯುಕ್ತ. ಭೇದವೂ ಇದೆ. ಭಾರತೀಯರ ದ್ಯೋತಕವು ಜೊತೆಯ ಪದದಲ್ಲಿ ಅಡಗಿದ ಅರ್ಥವನ್ನು ಬೆಳಗುವುದು. ಜಪಾನೀ ಪಂಡಿತನ ತೆನಿವೊಹವು ಆಡುವವನ ಮನೋಧರ್ಮವನ್ನು ಬೆಳಗುವುದು.

೭

೧೮೬೮ರ ಮೆಯಿಜಿ ಪರಿವರ್ತನೆಯ ಬಳಿಕ ಪಾಶ್ಚಾತ್ಯ ವ್ಯಾಕರಣವು ಪ್ರಬಲವಾಯಿತು. ೧೮೩೩ರಲ್ಲಿಯೇ ತ್ಸುರುಮಿನೆ ಶಿಗೆನೊಬು ಎಂಬವನು ಡಚ್ ವ್ಯಾಕರಣದ ಮಾದರಿಯನ್ನು ಜಪಾನೀ ಭಾಷೆಗೆ ತೊಡಿಸಿದ್ದನು. ಈಗ ಅದೇ ಶಾಲೆಗಳ ಪದ್ಧತಿಯಾಯಿತು. ಇಂಗ್ಲಿಷ್ ವಾಕ್ಯಕ್ಕೆ ಕರ್ತೃಪದವು ಅವಶ್ಯ. ಆದುದರಿಂದ ಜಪಾನೀ ವಾಕ್ಯದಲ್ಲಿಯೂ ಕರ್ತೃಪದವನ್ನು ಹುಡುಕಿ, ‘ವ’ ಎಂಬುದೇ ಅದರ ಚಿಹ್ನೆಯೆಂದು ಬೋಧಿಸಿದರು. ರೊದ್ರಿಗೆಸನ ಮನೆಗಳ ಲೆಕ್ಕವು ಅವನ ಹೆಸರಿಲ್ಲದೆ ಹಿಂದಿರುಗಿತು. ಎಲ್ಲರೂ ಇದಕ್ಕೆ ತಲೆಬಾಗಿದರೆಂದಲ್ಲ. ಆಂಗ್ಲ ವಿದ್ವಾಂಸರಾದ ಆಸ್ಟನ್ ಮತ್ತು ಚೇಂಬರ್ಲೇನ್ ‘ವ’ ಎಂಬುದು ಬೇರ್ಪಡಿಸುವ ನಿಪಾತವೇ ಹೊರತು ಪ್ರಥಮೆಯ ಚಿಹ್ನೆಯಲ್ಲವೆಂದು ತಿಳಿದಿದ್ದರು. ಓತ್ಸುಕಿ ಫುಮಿಹಿಕೊ (೧೮೪೭-೧೯೨೮) ತನ್ನ ೧೮೯೭ರ ವ್ಯಾಕರಣದಲ್ಲಿ ನಾಮಕ್ಕೆ ಮಾತ್ರ ಹತ್ತುವ ‘ಗ’, ‘ವೊ’, ‘ನಿ’ ಮೊದಲಾದವನ್ನು ಒಂದು ವರ್ಗವಾಗಿಯೂ, ನಾನಾವಿಧ ಪದಗಳಿಗೆ ಹತ್ತುವ ‘ವ’, ‘ಮೊ’ ಮೊದಲಾದವನ್ನು ಮತ್ತೊಂದು ವರ್ಗವಾಗಿಯೂ ಬೇರ್ಪಡಿಸಿದನು. ‘ಆನೆಗೆ ಸೊಂಡಿಲು ಉದ್ದ’ ಎಂಬರ್ಥದ ‘ಜೋ ವ ಹನ ಗ ನಗೈ’ ಎಂಬ ಬಗೆಯ ವಾಕ್ಯಗಳಲ್ಲಿ ಎರಡು ಕರ್ತೃಗಳಿರುವಂತೆ ತೋರುವುದನ್ನು ಕಂಡು, ಕುಸನೊ ಕಿಯೊತಮಿ ಎಂಬವನು ೧೮೯೯ರಲ್ಲಿ ಮೊದಲಿನದಕ್ಕೆ ‘ಸಮಗ್ರಕರ್ತೃ’ ಎಂಬರ್ಥದ ಹೊಸ ಹೆಸರನ್ನು ಕೊಟ್ಟನು. ಹೆಸರು ಹೊಸದಾದರೂ ಕರ್ತೃವೆಂಬ ಕಲ್ಪನೆಯು ಹಾಗೆಯೇ ಉಳಿಯಿತು.

ನೊರಿನಗನ ಕೋಷ್ಟಕದ ಮರ್ಮವನ್ನು ಬಿಡಿಸಿದವನು ಯಮದ ಯೊಶಿಒ. ಶಾಲೆಯ ಶಿಕ್ಷಣವನ್ನು ಪೂರೈಸಲಾಗದೆ ಸ್ವಾಧ್ಯಾಯದಿಂದಲೇ ಪಂಡಿತನಾದ ಈತನು ಮಾಧ್ಯಮಿಕ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದನು. ‘ವ’ ಕರ್ತೃಪದದ ಚಿಹ್ನೆಯೆಂದು ಪಾಠಪುಸ್ತಕದಂತೆ ಬೋಧಿಸುತ್ತಿದ್ದಾಗ, ಕರ್ತೃವಲ್ಲದ ಕಡೆಯಲ್ಲಿಯೂ ಅದು ಬರುವುದಲ್ಲವೇ ಎಂದು ಶಿಷ್ಯನೊಬ್ಬನು ಕೇಳಿದನಂತೆ. ಉತ್ತರವು ಹೊಳೆಯಲಿಲ್ಲ. ಆ ಪ್ರಶ್ನೆಯೇ ವ್ಯಾಕರಣದ ಅಧ್ಯಯನಕ್ಕೆ ಪ್ರೇರಕವಾಯಿತೆಂದು ೧೯೦೮ರಲ್ಲಿ ಪ್ರಕಟವಾದ ‘ನಿಹೊನ್ ಬುಂಪೊರೊನ್’ ಎಂಬ ತನ್ನ ಮಹಾಗ್ರಂಥದ ಪೀಠಿಕೆಯಲ್ಲಿ ಯಮದನು ಹೇಳಿರುವನು.

ಯಮದನ ಸಿದ್ಧಾಂತದಂತೆ ‘ವ’ ಎಂಬುದು ಪದಕ್ಕೆ ಅಂಟಿದರೂ ಅದರ ಅಧಿಕಾರವು ವಾಕ್ಯವನ್ನು ಮುಗಿಸುವ ನಿರೂಪಣಶಕ್ತಿಯ ಮೇಲೆ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ‘ಚಿಚಿ ಗ ಕಿತ ತೊಕಿ ನೈತ’ ಎಂದರೆ ‘ತಂದೆ ಬಂದಾಗ ಅತ್ತೆನು’ ಎಂದು ಅರ್ಥವಾಗುವುದು, ಅತ್ತವನು ಬೇರೊಬ್ಬ. ‘ಚಿಚಿ ವ ಕಿತ ತೊಕಿ ನೈತ’ ಎಂದರೆ ‘ತಂದೆಯು ಬಂದಾಗ ಅತ್ತನು’ ಎಂದರ್ಥ, ಅತ್ತವನು ತಂದೆಯೇ. ‘ಗ’ ಎಂಬುದು ಸಮೀಪದ ‘ಬಂದ’ ಎಂಬ ಕ್ರಿಯೆಯಲ್ಲಿ ಮುಗಿದುಹೋಯಿತು; ‘ವ’ ಎಂಬುದು ಅದನ್ನು ದಾಟಿ ಕೊನೆಯ ‘ಅತ್ತನು’ ಎಂಬುದನ್ನು ಹಿಡಿಯಿತು. ‘ಜೊ’, ‘ಕೊಸೊ’ಗಳು ಕ್ರಿಯಾರೂಪವನ್ನು ಬದಲಿಸಿ ತಮ್ಮ ಅಧಿಕಾರವನ್ನು ಕಣ್ಣಿಗೆ ತೋರುತ್ತಿದ್ದವು, ‘ವ’ ರೂಪವನ್ನು ಮುಟ್ಟದೆ ಅನ್ವಯದಲ್ಲಿಯೇ ಅದನ್ನು ತೋರುವುದು. ಮಧ್ಯಯುಗದಲ್ಲಿ ಕ್ರಿಯೆಯ ಅಂತ್ಯರೂಪವೂ ವಿಶೇಷಣರೂಪವೂ ಒಂದಾಗಿ ಆ ಹಳೆಯ ಕಟ್ಟು ಅಳಿದಾಗ ‘ಜೊ’ ಮರೆಯಾಯಿತು. ಷಷ್ಠ್ಯರ್ಥದಲ್ಲಿ ಹೆಚ್ಚಾಗಿದ್ದ ‘ಗ’ ಕ್ರಮೇಣ ಕರ್ತೃಚಿಹ್ನೆಯಾಗಿ ಮುಂದೆ ಬಂದಿತು. ‘ವ’ ಮಾತ್ರ ತನ್ನ ಅಧಿಕಾರದೊಡನೆ ಉಳಿದುಬಂದಿತು. ಹೀಗೆ ನೊರಿನಗನ ಮೊದಲ ಸಾಲು ನಿರರ್ಥಕವಲ್ಲವೆಂದು ಸಿದ್ಧವಾಯಿತು.

೮

ಆ ಬಳಿಕ ಬಂದವರಲ್ಲಿ ತೊಕಿಎದ ಮೊತೊಕಿ (೧೯೦೦-೧೯೬೭) ಸುಜುಕಿ ಅಕಿರನ ವಿಚಾರವನ್ನು ಪುನರುಜ್ಜೀವಿಸಿ ೧೯೪೧ರಲ್ಲಿ ತನ್ನ ಭಾಷಾಸಿದ್ಧಾಂತವನ್ನು ಪ್ರತಿಪಾದಿಸಿದನು. ಮಿಕಮಿ ಅಕಿರ (೧೯೦೩-೧೯೭೧) ಎಂಬ ಗಣಿತದ ಉಪಾಧ್ಯಾಯನು ಆನೆಯ ಸೊಂಡಿಲಿನ ಆ ವಾಕ್ಯವನ್ನೇ ಹೆಸರಾಗಿಸಿ ೧೯೬೦ರಲ್ಲಿ ಗ್ರಂಥವೊಂದನ್ನು ಬರೆದು, ಜಪಾನೀ ವ್ಯಾಕರಣದಿಂದ ಕರ್ತೃಪದವೆಂಬ ಹೆಸರನ್ನೇ ತೆಗೆದುಹಾಕಬೇಕೆಂದು ವಾದಿಸಿದನು. ವಾಕ್ಯವನ್ನು ನಾಮಪದವಾಗಿ ಮಡಿಸಿದರೆ ‘ವ’ ಕಳಚಿ ಅದರ ಅಡಿಯಲ್ಲಿದ್ದ ವಿಭಕ್ತಿಯು ಹೊರಬರುವುದೆಂಬುದು ಅವನ ಪರೀಕ್ಷೆ. ‘ಜೋ ವ ಹನ ಗ ನಗೈ’ ಎಂಬುದು ‘ಜೋ ನೊ ಹನ ಗ ನಗೈ ಕೊತೊ’ ಎಂದಾಗುವುದು. ಅಂದರೆ ‘ಆನೆಯ ಸೊಂಡಿಲು ಉದ್ದವಾಗಿರುವುದು’. ಇಲ್ಲಿ ‘ವ’ದ ಕೆಳಗೆ ಅಡಗಿದ್ದುದು ಷಷ್ಠಿ. ಒಮ್ಮೆ ಎತ್ತಿದ ‘ವ’ ಒಂದು ವಾಕ್ಯವನ್ನು ದಾಟಿ ಮುಂದಿನ ವಾಕ್ಯಗಳಿಗೂ ಅನ್ವಯಿಸಬಲ್ಲುದೆಂದೂ ಅವನು ತೋರಿಸಿದನು. ೧೯೭೩ರಲ್ಲಿ ಕುನೊ ಸುಸುಮು ಪ್ರಸ್ತಾಪದ ‘ವ’ವನ್ನೂ ವ್ಯಾವೃತ್ತಿಯ ‘ವ’ವನ್ನೂ ವಿಂಗಡಿಸಿ ಇಂಗ್ಲಿಷಿನಲ್ಲಿ ನಿರೂಪಿಸಿದುದರಿಂದ ಈ ಚರ್ಚೆಯು ಲೋಕದ ಭಾಷಾಶಾಸ್ತ್ರಜ್ಞರಿಗೆ ಹತ್ತಿರವಾಯಿತು.

ಮಿಕಮಿಯ ವಾದವು ಪೂರ್ಣವಾಗಿ ಗೆದ್ದಿತೆಂದು ಹೇಳುವಂತಿಲ್ಲ. ಗೌರವಾರ್ಥದ ಕ್ರಿಯಾರೂಪವು ಯಾರನ್ನು ಲಕ್ಷಿಸುವುದು, ‘ತಾನು’ ಎಂಬರ್ಥದ ಸರ್ವನಾಮವು ಯಾರನ್ನು ಹಿಡಿಯುವುದು ಎಂಬಲ್ಲಿ ಕರ್ತೃವಿಗೆ ವಿಶೇಷವಾದ ಅಧಿಕಾರವಿರುವುದೆಂದು ಇತರರು ತೋರಿಸಿರುವರು. ಆದುದರಿಂದ ಜಪಾನೀ ಭಾಷೆಯಲ್ಲಿ ಕರ್ತೃವೇ ಇಲ್ಲವೆನ್ನುವುದು ಅತಿವಾದ. ಆದರೆ ‘ವ’ ಎಂಬುದು ಆ ಕರ್ತೃವಿನ ಚಿಹ್ನೆಯಲ್ಲವೆಂಬುದರಲ್ಲಿ ವಿದ್ವಾಂಸರಿಗೆ ಸಂದೇಹವು ಉಳಿದಿಲ್ಲ. ಶಾಲಾವ್ಯಾಕರಣಗಳು ಮಾತ್ರ ‘ವ’ ಅಥವಾ ‘ಗ’ ಹತ್ತಿದ ಪದವನ್ನು ಕರ್ತೃಪದವೆಂದು ಗುರುತಿಸುವ ಸುಲಭಮಾರ್ಗವನ್ನು ಬಿಟ್ಟಿಲ್ಲ.

ಈ ಚರಿತ್ರೆಯಿಂದ ತಿಳಿಯಬೇಕಾದುದು ಪರಭಾಷೆಯ ಶಾಸ್ತ್ರವು ತ್ಯಾಜ್ಯವೆಂದಲ್ಲ. ಸಂಸ್ಕೃತದ ವರ್ಣಕ್ರಮವಿಲ್ಲದಿದ್ದರೆ ಕೆಯಿಚೂವಿನ ಶೋಧನೆಗೂ ನೊರಿನಗನ ತಿದ್ದುಪಡಿಗೂ ಒಂದು ದೊಡ್ಡ ಆಧಾರವೇ ತಪ್ಪುತ್ತಿದ್ದಿತು. ಎರವಲು ತಂದ ಶಾಸ್ತ್ರವು ಲಕ್ಷ್ಯವನ್ನು ನೋಡುವ ಕಣ್ಣಾದಾಗ ಉಪಕಾರಿ. ಲಕ್ಷ್ಯವನ್ನು ತುಂಬುವ ಮನೆಯಾದಾಗ ಅಪಕಾರಿ. ಕನ್ನಡದ ‘ಊ’, ‘ಏ’, ‘ಓ’, ‘ಅಂತೂ’ ಎಂಬಿವು ಅವಧಾರಣ, ಸಮುಚ್ಚಯ, ಸಂಶಯ ಎಂಬ ಹೆಸರುಗಳನ್ನು ಪಡೆದಿವೆ. ಅವು ತಾವು ಹತ್ತಿದ ಪದದಲ್ಲಿಯೇ ನಿಲ್ಲುವುವೋ, ವಾಕ್ಯದ ಕೊನೆಯ ಕ್ರಿಯೆಯವರೆಗೂ ಕೈಚಾಚುವುವೋ ಎಂಬುದನ್ನು ಹಳಗನ್ನಡದಿಂದ ಇಂದಿನ ಆಡುಮಾತಿನವರೆಗಿನ ಪ್ರಯೋಗಗಳನ್ನು ಕೂಡಿಸಿ, ನೊರಿನಗನಂತೆ ಸಾಲುಸಾಲಾಗಿ ಇಟ್ಟು ಪರೀಕ್ಷಿಸುವುದು ಭಾಷಾಭ್ಯಾಸಿಗಳಿಗೆ ಯೋಗ್ಯವಾದ ಕಾರ್ಯ. ‘ಯಾರೂ’ ಎಂದೊಡನೆ ಕೇಳುವವನು ‘ಇಲ್ಲ’ ಎಂಬುದನ್ನು ಏಕೆ ನಿರೀಕ್ಷಿಸುವನು ಎಂಬ ಒಂದು ಪ್ರಶ್ನೆಯಿಂದಲೇ ಅದನ್ನು ಆರಂಭಿಸಬಹುದು.